ವಾಲಿಯೂ ಬೀಳದ ಮನೆ

ಇಂಗ್ಲೆಂಡಿನ ಚೆಷೈರ್ ಪ್ರಾಂತ್ಯದಲ್ಲಿ, ಕಾಂಗಲ್ಟನ್ ಎಂಬ ಪೇಟೆಯಿಂದ ಸುಮಾರು ಏಳು ಕಿಲೋಮೀಟರ್ ಆಚೆ, ಹುಲ್ಲುಗಾವಲಿನ ನಡುವೆ ಒಂದು ಮನೆಯಿದೆ. ಅದರಲ್ಲಿ ನೆಟ್ಟಗೆ ಇರುವುದೆಂದರೆ ಬಾಗಿಲಲ್ಲಿ ಟಿಕೆಟ್ ನೋಡಲು ನಿಂತ ಅಜ್ಜಿಯ ಬೆನ್ನು ಒಂದೇ. ಉಳಿದಂತೆ ಕಂಬಗಳು ವಾಲಿವೆ, ತೊಲೆಗಳು ಜಗ್ಗಿವೆ, ಕಿಟಕಿಗಳು ಹುಬ್ಬು ಗಂಟಿಕ್ಕಿವೆ, ಎಲ್ಲಕ್ಕಿಂತ ಮೇಲಿನ ಅಂತಸ್ತು ಕೆಳಗಿನ ಎರಡರ ಮಾತು ಕೇಳದೆ ತನ್ನ ಪಾಡಿಗೆ ಎತ್ತಲೋ ಹೊರಟಿದೆ. ಹೆಸರು ಲಿಟ್ಲ್ ಮೋರ್ಟನ್ ಹಾಲ್. ಕಟ್ಟಲು ತೊಡಗಿ ಐನೂರು ವರ್ಷ ದಾಟಿತು. ಇನ್ನೂ ಬಿದ್ದಿಲ್ಲ.

ಅದನ್ನು ನನಗೆ ತೋರಿಸಿದವನು ನನ್ನ ಭಾವಮೈದ. ಮ್ಯಾಂಚೆಸ್ಟರಿನಲ್ಲಿ ಸ್ಟ್ರಕ್ಚರಲ್ ಎಂಜಿನಿಯರ್. ಯಾವ ಕಟ್ಟಡ ನಿಲ್ಲುತ್ತದೆ, ಯಾವುದು ಬೀಳುತ್ತದೆ ಎಂದು ಲೆಕ್ಕ ಹಾಕಿ ಹೇಳುವುದೇ ಅವನ ಹೊಟ್ಟೆಪಾಡು. ಅಂಥವನನ್ನು ಇಂಥ ಮನೆಯ ಮುಂದೆ ನಿಲ್ಲಿಸುವುದೆಂದರೆ ಸಂಗೀತ ವಿದ್ವಾಂಸರನ್ನು ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾ ಮುಂದೆ ಕೂರಿಸಿದ ಹಾಗೆ. ಕಾರಿನಿಂದ ಇಳಿದವನೇ ಕಂದಕದ ಈಚೆ ದಡದಲ್ಲಿ ನಿಂತು ಕತ್ತು ಓರೆ ಮಾಡಿ ನೋಡಿದ. ಆಮೇಲೆ ಕತ್ತನ್ನು ಇನ್ನೊಂದು ಬದಿಗೆ ಓರೆ ಮಾಡಿದ. ಎರಡೂ ಕಡೆಯಿಂದ ಸಮಾಧಾನವಾಗಲಿಲ್ಲ.

“ಭಾವ, ಇದಕ್ಕೆ ನಾನು ಸಹಿ ಹಾಕಲ್ಲ,” ಅಂದ.

ಯಾರೂ ಅವನ ಸಹಿ ಕೇಳಿರಲಿಲ್ಲ. ಅವನ ಅಕ್ಕ, ಅಂದರೆ ನನ್ನ ಹೆಂಡತಿ, “ನೀನು ಸಹಿ ಹಾಕಿರೋದೆಲ್ಲ ಐನೂರು ವರ್ಷ ನಿಲ್ಲುತ್ತೇನೋ?” ಎಂದು ಕೇಳಿದಳು. ಅವನು ಉತ್ತರ ಕೊಡಲಿಲ್ಲ. ಆ ದಿನವೆಲ್ಲ ಅವನು ಮನೆಯ ಒಂದೊಂದು ಮೂಲೆಯಲ್ಲೂ ನಿಂತು ಇದು ಏಕೆ ಬಿದ್ದಿಲ್ಲ ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದ. ನಾನು ಅವನ ಹಿಂದೆ ಸುತ್ತುತ್ತಾ ಬೇರೊಂದು ಪ್ರಶ್ನೆ ಹಿಡಿದುಕೊಂಡೆ. ಇದನ್ನು ಯಾರೂ ಏಕೆ ಬೀಳಿಸಲಿಲ್ಲ? ಹಳೆಯ ಮನೆಗಳು ತಾವಾಗಿ ಬೀಳುವುದು ಅಪರೂಪ. ದುಡ್ಡು ಬಂದವರು ಅವನ್ನು ಬೀಳಿಸುತ್ತಾರೆ.

ಮನೆ ಕಟ್ಟಿ ನೋಡು ಎಂದು ನಮ್ಮವರು ಎಚ್ಚರಿಸಿದ್ದು ಒಂದು ಸಲ ಕಟ್ಟುವವರನ್ನು. ಮೋರ್ಟನ್ನರು ನೂರು ವರ್ಷ ಕಟ್ಟಿದರು. 1348ರ ಮಹಾಮಾರಿ ಪ್ಲೇಗಿನಲ್ಲಿ ಊರಿಗೆ ಊರೇ ಖಾಲಿಯಾದಾಗ ಸಿಕ್ಕ ಜಮೀನನ್ನು ಕೊಂಡು ಮೇಲೆ ಬಂದ ಮನೆತನ ಅದು. 16ನೇ ಶತಮಾನದ ನಡುವಿನ ಹೊತ್ತಿಗೆ 1,360 ಎಕರೆ ಇತ್ತು, ಜೊತೆಗೆ ಹಿಟ್ಟಿನ ಗಿರಣಿ, ಹಣ್ಣಿನ ತೋಟ. ವಿಲಿಯಂ ಮೋರ್ಟನ್ ಎಂಬವನು 1504–08ರ ಸುಮಾರಿಗೆ ದೊಡ್ಡ ಹಜಾರ ಕಟ್ಟಿಸಿದ. ಹಜಾರವೆಂದರೆ ಆ ಕಾಲದಲ್ಲಿ ಎಲ್ಲವೂ ಅದೇ. ಊಟ, ನ್ಯಾಯ, ಜಗಳ, ಆಳುಗಳ ನಿದ್ದೆ ಎಲ್ಲ ಅಲ್ಲಿಯೇ. ಅಂದಿನ ಹಜಾರಗಳಲ್ಲಿ ಬೆಂಕಿ ನಡುನೆಲದಲ್ಲಿ ಉರಿಯುತ್ತಿತ್ತು. ಹೊಗೆ ಮಾಡಿನ ಕಿಂಡಿಯಿಂದ ಹೋಗಬೇಕೆಂಬುದು ನಿಯಮ, ಹೋಗುತ್ತಿತ್ತೋ ಇಲ್ಲವೋ ಕುಳಿತವರ ಕಣ್ಣಿಗೆ ಗೊತ್ತು. ಆಮೇಲೆ ಅವನ ಮಗ, ಅವನೂ ವಿಲಿಯಂ, 1546ರಲ್ಲಿ ಪಶ್ಚಿಮದ ರೆಕ್ಕೆಯನ್ನು ಕಿತ್ತು ಹೊಸದು ಮಾಡಿಸಿದ. 1559ರಲ್ಲಿ ಹಜಾರದ ನಡುಎತ್ತರಕ್ಕೆ ಒಂದು ಅಟ್ಟ ಹಾಕಿಸಿದ, ಅಂಗಳಕ್ಕೆ ಚಾಚಿದ ಎರಡು ಭಾರೀ ಕಿಟಕಿಗಳನ್ನು ಇಡಿಸಿದ. ಅವನ ಮಗ ಜಾನ್ 1560–62ರ ವೇಳೆಗೆ ದಕ್ಷಿಣದ ರೆಕ್ಕೆ ಎಬ್ಬಿಸಿದ. ಮುಂದಿನವರೂ ಕೈಕಟ್ಟಿ ಕೂರಲಿಲ್ಲ. 1610ರ ಸುಮಾರಿಗೆ ನಿಂತಿತು ಈ ಚಟ.

ಇಷ್ಟಕ್ಕೂ ಒಬ್ಬ ಆರ್ಕಿಟೆಕ್ಟ್ ಇರಲಿಲ್ಲ, ನಕ್ಷೆ ಎಂಬುದೂ ಇರಲಿಲ್ಲ. ಇದ್ದದ್ದು ಬಡಗಿ. ಆ ಎರಡು ಕಿಟಕಿಗಳು ಎಷ್ಟು ಹತ್ತಿರ ಎಂದರೆ ಅವುಗಳ ಮಾಡುಗಳು ಒಂದಕ್ಕೊಂದು ತಾಗುತ್ತವೆ. ಅವುಗಳ ಮೇಲೆ ಮರದಲ್ಲೇ ಒಂದು ಬರಹ ಕೊರೆದಿದ್ದಾರೆ. ಮೊದಲು ದೇವರ ಹೆಸರು. ಆಮೇಲೆ ಮಾಡಿಸಿದ ವಿಲಿಯಂ ಮೋರ್ಟನ್ನನ ಹೆಸರು ಮತ್ತು ಇಸವಿ. ಕೊನೆಗೆ ದೇವರ ಕೃಪೆಯಿಂದ ಈ ಕಿಟಕಿಗಳನ್ನು ಮಾಡಿದವನು ರಿಚರ್ಡ್ ಡೇಲ್ ಎಂಬ ಬಡಗಿ ಎಂದು. ನಾನು ಅದರ ಕೆಳಗೆ ಬಹಳ ಹೊತ್ತು ನಿಂತೆ. ನಮ್ಮ ಬಸ್ ನಿಲ್ದಾಣಗಳ ಶಿಲಾಫಲಕದಲ್ಲಿ ಉದ್ಘಾಟಿಸಿದ ಮಂತ್ರಿಗಳು, ಅಧ್ಯಕ್ಷತೆ ವಹಿಸಿದ ಶಾಸಕರು, ಉಪಸ್ಥಿತರಿದ್ದ ಮಾಜಿಗಳು, ಎಲ್ಲರ ಹೆಸರೂ ಇರುತ್ತದೆ. ಗಾರೆ ಕೆಲಸದವನ ಹೆಸರು ಇದ್ದ ಫಲಕವನ್ನು ಈವರೆಗೆ ನೋಡಿಲ್ಲ. ನಿಲ್ದಾಣ ಸೋರಿದಾಗ ಮಾತ್ರ ಅವನನ್ನು ಹುಡುಕುತ್ತೇವೆ.

ಇನ್ನು ವಾಲುವ ವಿಷಯ. ಭಾವಮೈದ ಅಂಗಳದಲ್ಲಿ ನಿಂತು ಕಣ್ಣಲ್ಲೇ ಅಳೆಯುತ್ತಿದ್ದಾಗ ಅಲ್ಲಿನ ಮಾರ್ಗದರ್ಶಕರೊಬ್ಬರು ಬಂದು ವಿವರಿಸಿದರು. ನಿವೃತ್ತ ಶಾಲಾಮಾಸ್ತರರ ಧಾಟಿ. ಪ್ರಶ್ನೆ ಕೇಳಿ, ನಾವು ಬಾಯಿ ತೆರೆಯುವ ಮೊದಲೇ ಉತ್ತರ ಹೇಳಿಬಿಡುವವರು. ಈ ಮನೆಗಳು ಸೊಟ್ಟಗಾಗುವುದಕ್ಕೆ ಬಡಗಿಯ ಕೈಯನ್ನು ದೂರುವಂತಿಲ್ಲ. ಅದು ಹಸಿ ಮರದ ಕೆಲಸ. ನಮ್ಮಲ್ಲಿ ಒಂದು ಬಾಗಿಲು ಮಾಡಿಸಬೇಕಾದರೂ ಮರ ಒಣಗಿದೆಯೇ ಎಂದು ಆಚಾರಿಯನ್ನು ಮೂರು ಸಲ ಕೇಳುತ್ತೇವೆ. ಅಲ್ಲಿನ ಬಡಗಿಗಳು ಓಕ್ ಮರವನ್ನು ಕಡಿದು, ರಸ ಆರುವ ಮೊದಲೇ, ಇಡೀ ಮನೆಯನ್ನೇ ಕಟ್ಟಿಬಿಡುತ್ತಿದ್ದರು. ಒಣಗಿದ ಓಕ್ ಎಷ್ಟು ಗಟ್ಟಿಯೆಂದರೆ ಅಂದಿನ ಕೊಡಲಿ, ಬಾಚಿ, ಉಳಿಗಳಿಗೆ ಸುಲಭಕ್ಕೆ ಮಣಿಯದು. ಅಲ್ಲದೆ ದಪ್ಪ ತೊಲೆ ಪೂರ್ತಿ ಒಣಗಲು ದಶಕಗಳೇ ಬೇಕು. ಕಾಯುತ್ತಾ ಕುಳಿತರೆ ಗೃಹಪ್ರವೇಶ ಮೊಮ್ಮಗನ ಕಾಲಕ್ಕೆ. ಹಾಗಾಗಿ ಮನೆ ಮೊದಲು ನಿಲ್ಲುತ್ತಿತ್ತು, ಮರ ಆಮೇಲೆ ನಿಧಾನವಾಗಿ ಒಣಗುತ್ತಿತ್ತು. ಒಣಗುವಾಗ ಕುಗ್ಗುತ್ತದೆ, ತಿರುಚುತ್ತದೆ, ಉದ್ದಕ್ಕೆ ಸೀಳು ಬಿಡುತ್ತದೆ. ಆದರೆ ಕುಗ್ಗುವ ಮರ ತನ್ನ ಕೀಲುಗಳನ್ನು ಬಿಗಿಯಾಗಿ ಕಚ್ಚಿ ಹಿಡಿಯುತ್ತದೆ. ಮನೆ ಸೊಟ್ಟಗಾದಷ್ಟೂ ಭದ್ರ, ಒಂದು ಮಿತಿಯವರೆಗೆ. ಆ ಮಿತಿ ಯಾವುದು ಎಂಬುದರ ಬಗ್ಗೆ ಭಾವಮೈದನಿಗೂ ಮಾಸ್ತರರಿಗೂ ಒಂದಿಷ್ಟು ಚರ್ಚೆ ನಡೆಯಿತು.

ಕೀಲುಗಳ ಕೆಲಸ ನೋಡಿದರೆ ಮಾತ್ರ ಯಾವ ಎಂಜಿನಿಯರನೂ ಸುಮ್ಮನಾಗಬೇಕು. ಒಂದು ತೊಲೆಯ ತುದಿಯನ್ನು ನಾಲಿಗೆಯ ಆಕಾರಕ್ಕೆ ಇಳಿಸುತ್ತಾರೆ, ಇನ್ನೊಂದರಲ್ಲಿ ಅದಕ್ಕೆ ಸರಿಯಾದ ಗುಳಿ ಕೊರೆಯುತ್ತಾರೆ. ನಾಲಿಗೆಯಲ್ಲೊಂದು ತೂತು, ಗುಳಿಯ ಗೋಡೆಯಲ್ಲೊಂದು ತೂತು. ಎರಡು ತೂತುಗಳೂ ಎದುರಾಬದುರು ಇರಬೇಕಲ್ಲ? ಬಡಗಿ ಬೇಕೆಂದೇ ಅವನ್ನು ಕೂದಲೆಳೆಯಷ್ಟು ಆಚೀಚೆ ಕೊರೆಯುತ್ತಾನೆ. ಆಮೇಲೆ ತುದಿ ಸಣ್ಣದಾದ ಓಕ್ ಗೂಟವನ್ನು ಬಡಿದಾಗ, ಅದು ಎರಡನ್ನೂ ಎಳೆದು ಬಿಗಿದು ಒಂದು ಮಾಡುತ್ತದೆ. ಕಬ್ಬಿಣ ದುಬಾರಿಯಾಗಿದ್ದ ಕಾಲ. ಇಡೀ ಚೌಕಟ್ಟು ಮೊಳೆಯಿಲ್ಲದೆ ಗೂಟದ ಮೇಲೆ ನಿಂತಿರುತ್ತದೆ. ಗೂಟದ ತಲೆಗಳನ್ನು ಅರ್ಧ ಬೆರಳಿನಷ್ಟು ಹೊರಗೆ ಬಿಟ್ಟಿರುವುದನ್ನು ಈಗಲೂ ಅಂಥ ಮನೆಗಳಲ್ಲಿ ಕಾಣಬಹುದು. ಕೀಲು ಸಡಿಲವಾದರೆ ಮತ್ತೆ ಬಡಿಯಬಹುದು, ದುರಸ್ತಿಗೆ ಬೇಕೆಂದರೆ ಹೊಡೆದು ಹೊರತೆಗೆಯಬಹುದು.

ಮನೆಯನ್ನು ಮನೆಯ ಜಾಗದಲ್ಲೇ ಕಟ್ಟುತ್ತಿರಲಿಲ್ಲ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಬಡಗಿಯ ಅಂಗಳದಲ್ಲಿ ಒಂದೊಂದು ಗೋಡೆಯ ಚೌಕಟ್ಟನ್ನೂ ನೆಲದ ಮೇಲೆ ಮಲಗಿಸಿ, ಒಂದೊಂದು ಕೀಲನ್ನೂ ಅದರ ಜೋಡಿಗೆ ಮಾತ್ರ ಹೊಂದುವಂತೆ ಕೆತ್ತಿ, ಉಳಿಯಿಂದ ಗುರುತು ಹಾಕುತ್ತಿದ್ದರು. ರೋಮನ್ ಅಂಕಿಗಳು, ನೆಟ್ಟ ಗೀಟು, ಓರೆ ಗೀಟು ಎರಡೇ ಸಾಕಾದ್ದರಿಂದ ಉಳಿಗೆ ಸಲೀಸು. ನಾಲ್ಕಕ್ಕೆ ಐದರ ಹಿಂದೆ ಒಂದು ಬರೆಯುವ ಶಾಸ್ತ್ರ ಅವರಿಗೆ ಬೇಕಿರಲಿಲ್ಲ. ನಾಲ್ಕು ಗೀಟು ಎಳೆದರೆ ಆಯಿತು, ತಲೆಕೆಳಗಾಗಿ ನೋಡಿದರೂ ನಾಲ್ಕೇ. ಆಮೇಲೆ ಎಲ್ಲ ಬಿಚ್ಚಿ, ಗಾಡಿಗೆ ಹೇರಿ, ಮನೆಯ ಜಾಗಕ್ಕೆ ಒಯ್ದು, ಊರವರನ್ನು ಕರೆದು ಹಗ್ಗ ಕಟ್ಟಿ ಎಬ್ಬಿಸುವುದು. ಈ ಗುರುತುಗಳು ಇಂಗ್ಲೆಂಡಿನ ಸಾವಿರಾರು ಹಳೆಯ ಮನೆಗಳ ಮಾಡಿನ ಕತ್ತಲಲ್ಲಿ ಉಳಿದಿವೆ. ಜೋಡಣೆ ಮುಗಿದ ಮೇಲೆ ಅವುಗಳಿಂದ ಯಾರಿಗೂ ಪ್ರಯೋಜನವಿರಲಿಲ್ಲ. ಈಗ ಸಂಶೋಧಕರು ಟಾರ್ಚ್ ಹಿಡಿದು ಅವನ್ನು ಓದಿ, ಯಾವ ತೊಲೆ ಮೊದಲಿನದು, ಯಾವುದು ಆಮೇಲೆ ತುರುಕಿದ್ದು ಎಂದು ಹೇಳುತ್ತಾರೆ. ಮರದ ಉಂಗುರಗಳನ್ನು ಎಣಿಸಿ ಅದನ್ನು ಯಾವ ಚಳಿಗಾಲದಲ್ಲಿ ಕಡಿದರು ಎಂಬುದನ್ನು ಹೇಳುವವರೂ ಇದ್ದಾರೆ, ತೊಗಟೆಯ ಅಂಚು ಉಳಿದಿದ್ದರೆ.

ಚೌಕಟ್ಟಿನ ನಡುವಿನ ಖಾಲಿಗೆ ಏನು ತುಂಬುತ್ತಿದ್ದರು ಎಂದು ನನ್ನ ಹೆಂಡತಿ ಕೇಳಿದಳು. ಮಾಸ್ತರರಿಗೆ ಇದು ಇಷ್ಟದ ಪ್ರಶ್ನೆ. ಗೂಟಗಳ ನಡುವೆ ಹೇಜಲ್ ಗಿಡದ ಕಡ್ಡಿಗಳನ್ನು ತಡಿಕೆಯಂತೆ ಹೆಣೆದು, ಎರಡೂ ಬದಿಗೆ ಜೇಡಿಮಣ್ಣು, ಕತ್ತರಿಸಿದ ಹುಲ್ಲು ಮತ್ತು, ಇಲ್ಲಿ ಒಂದು ಕ್ಷಣ ತಡೆದು, ಸಗಣಿ ಕಲಸಿ ಮೆತ್ತುತ್ತಿದ್ದರು ಎಂದರು. ಸಗಣಿ ಅಂದಾಗ ಪ್ರವಾಸಿಗಳು ಮೂಗು ಮುರಿಯುವುದು ಅವರಿಗೆ ರೂಢಿಯಾಗಿರಬೇಕು. ನಮ್ಮ ಮುಖದಲ್ಲಿ ಏನೂ ಬದಲಾಗದ್ದನ್ನು ಕಂಡು ಅವರಿಗೆ ನಿರಾಸೆಯಾಯಿತು. “ಎಷ್ಟು ಪಾಲು ಮಣ್ಣಿಗೆ ಎಷ್ಟು ಪಾಲು ಸಗಣಿ ಅಂತ ಕೇಳೋ,” ಎಂದಳು ಇವಳು ತಮ್ಮನಿಗೆ. ಅವನು ಕೇಳಲಿಲ್ಲ. ಇಂಗ್ಲೆಂಡಿಗೆ ಹೋದವರು ಕೆಲವು ವಿಷಯಗಳನ್ನು ಕೇಳಲು ನಾಚುತ್ತಾರೆ.

ಹೊರಗಿನಿಂದ ನೋಡಿದರೆ ಈ ಮನೆ ಕಪ್ಪು-ಬಿಳುಪಿನ ಒಂದು ಜಾತ್ರೆ. ಮೀನಿನ ಮುಳ್ಳಿನಂತೆ ಓರೆ ಗೀಟುಗಳು, ನಾಲ್ಕೆಸಳ ಹೂವುಗಳು, ಚೌಕದೊಳಗೆ ಚೌಕ. ಮನೆ ನಿಲ್ಲಲು ಇಷ್ಟು ಮರ ಬೇಕಾಗಿಲ್ಲ. ನಿಲ್ಲಲು ಬೇಕಾದದ್ದು ಇದರ ಕಾಲು ಭಾಗ, ಮಿಕ್ಕದ್ದು ನೆರೆಯವರಿಗಾಗಿ ಎಂದು ಭಾವಮೈದ ಲೆಕ್ಕ ಹೇಳಿದ. ನನ್ನ ಹತ್ತಿರ ಇಷ್ಟು ಓಕ್ ಇದೆ, ಸುಮ್ಮನೆ ಹೂವು ಕತ್ತರಿಸಿ ಅಂಟಿಸುವಷ್ಟು ಇದೆ ಎಂದು ಗೋಡೆ ಗೋಡೆಯ ಮೇಲೂ ಹೇಳಿಕೊಂಡಿದ್ದಾನೆ ಮೋರ್ಟನ್. ಮೇಲಿನ ಅಂತಸ್ತುಗಳು ಕೆಳಗಿನದಕ್ಕಿಂತ ಹೊರಗೆ ಚಾಚಿಕೊಂಡಿರುವುದಕ್ಕೂ ಅರ್ಧ ಕಾರಣ ಇದೇ ಜಂಬ. ಇನ್ನರ್ಧ ಲೆಕ್ಕಾಚಾರ. ಜಂತೆಯ ತುದಿ ಗೋಡೆಯಾಚೆ ಚಾಚಿ ಅದರ ಮೇಲೆ ಮೇಲಿನ ಗೋಡೆಯ ಭಾರ ಕೂತರೆ ಒಳಗಿನ ನೆಲ ನಡುವೆ ಜಗ್ಗುವುದು ಕಡಿಮೆಯಾಗುತ್ತದೆ. ಕೋಣೆಯೂ ಅಷ್ಟು ದೊಡ್ಡದಾಗುತ್ತದೆ. ಬೆಂಗಳೂರಿನಲ್ಲಿ ಮೂವತ್ತು-ನಲವತ್ತು ಸೈಟಿನ ಮನೆಯ ಮೊದಲ ಮಹಡಿ ರಸ್ತೆಯ ಮೇಲೆ ಬಂದು ನಿಂತಿರುತ್ತದಲ್ಲ, ಅದನ್ನು ಮಾತ್ರ ಈ ಪರಂಪರೆಗೆ ಸೇರಿಸಲು ನಾನು ಒಪ್ಪುವುದಿಲ್ಲ.

ಆದರೆ ಆ ಕಪ್ಪು-ಬಿಳುಪು? ಅದು ಈ ಮನೆ ಎದ್ದ ಟ್ಯೂಡರ್ ಅರಸರ ಕಾಲದ್ದೇ ಅಲ್ಲ. ಓಕಿಗೆ ಬಣ್ಣ ಬೇಕಿಲ್ಲ. ಬಿಸಿಲು ಮಳೆಗೆ ಅದು ತಾನಾಗಿ ಬೆಳ್ಳಿಯಂಥ ಬೂದು ಬಣ್ಣಕ್ಕೆ ತಿರುಗುತ್ತದೆ, ಹಾಗೆಯೇ ಬಿಡುತ್ತಿದ್ದರು. ನಡುವಿನ ಮಣ್ಣಿನ ಭಾಗಕ್ಕೆ ಕಾವಿ ಹಳದಿ ಬಳಿಯುತ್ತಿದ್ದರು. ಮರಕ್ಕೆ ಕಪ್ಪು, ಮಣ್ಣಿಗೆ ಅಚ್ಚ ಬಿಳಿ ಎಂಬ ಈ ಠೀವಿ 19ನೇ ಶತಮಾನದವರ ಅಭಿರುಚಿ. ಹಳೆಯ ಇಂಗ್ಲೆಂಡ್ ಎಂದು ಕ್ಯಾಲೆಂಡರುಗಳಲ್ಲಿ, ಬಿಸ್ಕತ್ತು ಡಬ್ಬಿಗಳ ಮೇಲೆ ನಾವು ಕಂಡದ್ದು ವಿಕ್ಟೋರಿಯಾ ರಾಣಿಯ ಕಾಲದ ಬಣ್ಣದ ಡಬ್ಬಿಯಿಂದ ಬಂದದ್ದು. ಪರಂಪರೆ ಎಂದು ನಾವು ಎದೆಗೊತ್ತಿಕೊಳ್ಳುವ ಅನೇಕ ಸಂಗತಿಗಳ ವಯಸ್ಸು ನಮ್ಮ ಮುತ್ತಜ್ಜಿಯದಕ್ಕಿಂತ ಹೆಚ್ಚಿರುವುದಿಲ್ಲ ಎಂಬ ನನ್ನ ಹಳೆಯ ಗುಮಾನಿಗೆ ಇಲ್ಲೊಂದು ಸಾಕ್ಷಿ ಸಿಕ್ಕಿತು.

ಕಿಟಕಿಗಳದ್ದು ಇನ್ನೊಂದು ಜಂಬ. ಸೀಸದ ಪಟ್ಟಿಗಳಲ್ಲಿ ಕೂರಿಸಿದ ಗಾಜಿನ ಚೂರುಗಳು ಈ ಮನೆಯಲ್ಲಿ ಸುಮಾರು 30,000 ಇವೆಯಂತೆ. ಒಂದೊಂದು ಕಿಟಕಿಯಲ್ಲೂ ಒಂದೊಂದು ವಿನ್ಯಾಸ. ಬಾಯಲ್ಲಿ ಊದಿ ಮಾಡುತ್ತಿದ್ದ ಗಾಜು ದೊಡ್ಡ ಹಾಳೆಯಾಗಿ ಸಿಗುತ್ತಿರಲಿಲ್ಲ, ಸಿಕ್ಕ ಚೂರುಗಳನ್ನು ಜೋಡಿಸಬೇಕಿತ್ತು. ಬೆಲೆಯೂ ಅಷ್ಟೇ. ಕಿಟಕಿಯ ಗಾಜನ್ನು ಮನೆಯ ಭಾಗ ಎನ್ನದೆ, ಕಳಚಿ ಒಯ್ಯಬಹುದಾದ ಸಾಮಾನು ಎಂದು ಎಣಿಸಿದ ಕಾಲವೂ ಇತ್ತು. ಮನೆ ಒಬ್ಬ ಮಗನಿಗೆ, ಕಿಟಕಿ ಇನ್ನೊಬ್ಬನಿಗೆ ಎಂದು ಪಾಲಾದರೆ ಆ ಚಳಿಯಲ್ಲಿ ಅಣ್ಣತಮ್ಮಂದಿರ ಮಾತುಕತೆ ಹೇಗಿದ್ದೀತು ಎಂದು ಯೋಚಿಸಿ ನೋಡಿ.

ಈಗ ಆ ಮೇಲಿನ ಅಂತಸ್ತಿಗೆ ಬರೋಣ. ಮನೆಯ ಎಲ್ಲ ಸೊಟ್ಟಕ್ಕೂ ತಾಯಿ ಅದೇ. ದಕ್ಷಿಣದ ರೆಕ್ಕೆ ಎರಡು ಅಂತಸ್ತಿನದು ಎಂದುಕೊಂಡೇ ಶುರುವಾಯಿತು ಎಂದು ತಿಳಿದವರ ಅಭಿಪ್ರಾಯ. ಕೆಲಸ ಅರ್ಧ ಸಾಗಿದ ಮೇಲೆ ಯಾರಿಗೋ ಲಾಂಗ್ ಗ್ಯಾಲರಿ ಬೇಕು ಅನ್ನಿಸಿತು. ಲಾಂಗ್ ಗ್ಯಾಲರಿ ಎಂದರೆ ಮಳೆ ಬಂದಾಗ ಮನೆಯೊಳಗೇ ಅಡ್ಡಾಡಲು ಒಂದು ಉದ್ದನೆಯ ಹಜಾರ. ಆಗಿನ ಸಿರಿವಂತರ ಫ್ಯಾಷನ್. ಇದ್ದದ್ದರ ತಲೆಯ ಮೇಲೆ 68 ಅಡಿ ಉದ್ದ, 12 ಅಡಿ ಅಗಲದ ಗ್ಯಾಲರಿ ಏರಿಸಿದರು. ಅಲ್ಲಿಗೆ ನಿಂತಿದ್ದರೂ ಆಗುತ್ತಿತ್ತು. ಅದರ ಮೇಲೆ ಮಾಡಿಗೆ ಒರಟು ಮರಳುಗಲ್ಲಿನ ಚಪ್ಪಡಿಗಳನ್ನು ಹೊದಿಸಿದರು, ಅವುಗಳ ತೂಕ ಕೆಳಗಿನ ತೊಲೆಗಳಿಗೆ ಯಾರೂ ಹೇಳಿರಲಿಲ್ಲ. ಆ ಭಾರಕ್ಕೆ ತೊಲೆಗಳು ಬಾಗಿದವು, ಗೋಡೆಗಳು ಎರಡೂ ಕಡೆಗೆ ಹರಿದುಹೋಗದಂತೆ ಆಮೇಲೆ ಅಡ್ಡ ತೊಲೆ ಹಾಕಬೇಕಾಯಿತು.

ಗ್ಯಾಲರಿಯ ನೆಲದ ಮೇಲೆ ನಡೆಯುವುದು ಒಂದು ಅನುಭವ. ಎಡಗಾಲು ಏರುತ್ತದೆ, ಬಲಗಾಲು ಇಳಿಯುತ್ತದೆ. ಭಾವಮೈದ ಗೋಡೆಯ ಪಕ್ಕಕ್ಕೇ ಅಂಟಿಕೊಂಡು ನಡೆದ. ಇಲ್ಲಿ ಮೋರ್ಟನ್ನರು ಆಡುತ್ತಿದ್ದರು ಎಂಬುದಕ್ಕೆ ಪುರಾವೆ ಇದೆ. ಗೋಡೆಯ ಹಲಗೆಗಳ ಹಿಂದೆ 17ನೇ ಶತಮಾನದ ಆರಂಭದ ಟೆನಿಸ್ ಚೆಂಡುಗಳು ಸಿಕ್ಕಿವೆ. ಚೆಂಡು ಹಲಗೆಯ ಸಂದಿಗೆ ಹೋಯಿತು ಎಂದು ಅಳುತ್ತಾ ಬಂದ ಹುಡುಗನಿಗೆ ಯಾರೋ “ನಾಳೆ ತೆಗೆಸಿಕೊಡುತ್ತೇನೆ” ಎಂದಿರಬೇಕು. ಶತಮಾನಗಳು ಕಳೆದರೂ ನಾಳೆ ಬರಲಿಲ್ಲ. ಬಂದಾಗ ಚೆಂಡು ಕೇಳಲು ಆ ಹುಡುಗ ಇರಲಿಲ್ಲ.

ಗ್ಯಾಲರಿಯ ಎರಡು ತುದಿಗಳಲ್ಲಿ ಗಾರೆಯಲ್ಲಿ ಮೂಡಿಸಿದ ಎರಡು ಚಿತ್ರಗಳಿವೆ. ಒಂದರಲ್ಲಿ ಚಕ್ರ ಹಿಡಿದ ಅದೃಷ್ಟದೇವಿ, ಇನ್ನೊಂದರಲ್ಲಿ ಗೋಳ ಹಿಡಿದ ವಿಧಿ. ಅದೃಷ್ಟವನ್ನು ಆಳುವುದು ಅಜ್ಞಾನ, ವಿಧಿಯನ್ನು ಆಳುವುದು ಜ್ಞಾನ ಎಂದು ಅವುಗಳ ಕೆಳಗಿನ ಬರಹದ ತಾತ್ಪರ್ಯ. ಇವನ್ನು 1556ರಲ್ಲಿ ಬಂದ ಖಗೋಳ ಪುಸ್ತಕವೊಂದರ ಮುಖಪುಟದಿಂದ ಎತ್ತಿದ್ದಾರೆ. ಬರೆದವನು ರಾಬರ್ಟ್ ರೆಕಾರ್ಡ್. ಮರುವರ್ಷ ಇನ್ನೊಂದು ಪುಸ್ತಕದಲ್ಲಿ ಎರಡು ಸಮಾನಾಂತರ ಗೀಟೆಳೆದು ಸಮ ಚಿಹ್ನೆಯನ್ನು ಜಗತ್ತಿಗೆ ಕೊಟ್ಟ ಗಣಿತಜ್ಞ. ಎರಡೂ ಗೀಟು ಸಮಾನಾಂತರ, ಒಂದೇ ಉದ್ದ ಇರಬೇಕೆಂದು ಹೇಳಿದವನ ಚಿತ್ರಗಳು ಬಂದು ಕೂತದ್ದು ಮಟ್ಟವಾದ ಗೀಟು ಒಂದೂ ಇಲ್ಲದ ಮನೆಯಲ್ಲಿ. ಜ್ಞಾನದ ಮಹಿಮೆಯ ಚಿತ್ರವನ್ನು ತಲೆಗೆ ಹಚ್ಚಿಕೊಂಡವರು ಮಾಡಿನ ಕಲ್ಲಿನ ತೂಕವನ್ನು ಒಮ್ಮೆ ಲೆಕ್ಕ ಹಾಕಿದ್ದರೆ ಚೆನ್ನಾಗಿತ್ತು ಎಂದು ಭಾವಮೈದ ಗೊಣಗಿದ. ನಾನು ಒಪ್ಪಲಿಲ್ಲ. ಹಾಕಿದ್ದರೆ ಗ್ಯಾಲರಿ ಇರುತ್ತಿರಲಿಲ್ಲ, ನಾವೂ ಅಷ್ಟು ದೂರ ಬರುತ್ತಿರಲಿಲ್ಲ.

ಈ ಗ್ಯಾಲರಿಯಲ್ಲಿ ಬೂದು ಬಣ್ಣದ ಹೆಂಗಸೊಬ್ಬಳ ದೆವ್ವ ಓಡಾಡುತ್ತದೆ ಎಂಬ ಕಥೆಯೂ ಉಂಟು. ಇಂಗ್ಲೆಂಡಿನಲ್ಲಿ ಈ ವಯಸ್ಸಿನ ಮನೆಗೆ ದೆವ್ವವಿಲ್ಲದಿದ್ದರೆ ಮರ್ಯಾದೆ ಕಡಿಮೆ. ಪಾಯಖಾನೆಗಳ ಬಗ್ಗೆಯೂ ಒಂದು ಮಾತು: ಅವು ಹೊರಚಾಚಿದ ಗೋಪುರವೊಂದರಲ್ಲಿವೆ, ಎಲ್ಲವೂ ನೇರ ಕಂದಕಕ್ಕೆ. 33 ಅಡಿ ಅಗಲದ ಆ ನೀರನ್ನು ಈಗ ಬಾತುಕೋಳಿಗಳೊಡನೆ ನೋಡಿ ಆಹಾ ಎನ್ನುವವರು ಇತಿಹಾಸವನ್ನು ತುಸು ಮರೆಯಬೇಕಾಗುತ್ತದೆ.

ಇದನ್ನು ಯಾರೂ ಏಕೆ ಬೀಳಿಸಲಿಲ್ಲ ಎಂಬ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಪ್ರಾರ್ಥನಾ ಮಂದಿರದಲ್ಲಿ. 17ನೇ ಶತಮಾನದ ನಡುವೆ ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ಹತ್ತಿಕೊಂಡಾಗ ಮೋರ್ಟನ್ನರು ರಾಜನ ಕಡೆ ನಿಂತರು. ಸುತ್ತಮುತ್ತಲ ಪ್ರದೇಶವೆಲ್ಲ ಪಾರ್ಲಿಮೆಂಟಿನ ಕಡೆ. 1643ರಲ್ಲಿ ಮನೆಯನ್ನು ಕಿತ್ತುಕೊಂಡು ಸೈನಿಕರನ್ನು ಇಳಿಸಿದರು. ಯುದ್ಧ ಮುಗಿದಾಗ ಮನೆ ಮರಳಿತು, ಸಾಲವೂ ಜೊತೆಗೆ ಬಂತು. ಇಡೀ ಆಸ್ತಿಯನ್ನು ಮಾರಿ ಕೈತೊಳೆದುಕೊಳ್ಳಲು ನೋಡಿದರೆ ಕೆಲವು ತುಂಡು ಜಮೀನು ಬಿಟ್ಟು ಉಳಿದದ್ದನ್ನು ಕೊಳ್ಳುವವರಿಲ್ಲ. ಆ ಶತಮಾನದ ಕೊನೆಯ ಹೊತ್ತಿಗೆ ಮನೆಯವರೇ ಅಲ್ಲಿ ಇರುವುದನ್ನು ಬಿಟ್ಟರು. ಗೇಣಿದಾರರು ಬಂದರು. 1841ರಲ್ಲಿ ಬಂದ ಗೇಣಿದಾರರ ಮನೆತನದ ಹೆಸರೂ ಡೇಲ್. ಹತ್ತಾರು ಕೋಣೆಗಳಲ್ಲಿ ಅವರಿಗೆ ಬೇಕಾದದ್ದು ನಾಲ್ಕಾರು, ಉಳಿದವು ಬೀಗ ಹಾಕಿಕೊಂಡವು. ಪ್ರಾರ್ಥನಾ ಮಂದಿರದಲ್ಲಿ ಕಲ್ಲಿದ್ದಲು ತುಂಬಿದರು.

ಇದೇ ಅವಧಿಯಲ್ಲಿ ಇಂಗ್ಲೆಂಡಿನ ಉಳಿದ ಸಿರಿವಂತರು ಏನು ಮಾಡುತ್ತಿದ್ದರು? ಲಂಡನ್ನಿನಲ್ಲಿ 1666ರಲ್ಲಿ ಬೆಂಕಿ ಬಿದ್ದು ಮರದ ಊರು ಸುಟ್ಟುಹೋದ ಮೇಲೆ, ಮರುವರ್ಷದ ಕಾನೂನು ಇಟ್ಟಿಗೆ ಇಲ್ಲವೇ ಕಲ್ಲಿನಲ್ಲೇ ಕಟ್ಟಬೇಕು ಎಂದಿತು. ಹಳ್ಳಿಯ ಕಡೆಗೂ ಇಟ್ಟಿಗೆಯ ಗೀಳು ಹಬ್ಬಿತು. ಕೈಯಲ್ಲಿ ಕಾಸಿದ್ದವರು ಅಜ್ಜನ ಮರದ ಮನೆಯನ್ನು ಕೆಡವಿ ಕಂಬಸಾಲಿನ, ಎಡಬಲ ಸಮನಾದ ಬಂಗಲೆ ಎಬ್ಬಿಸಿದರು. ಅಷ್ಟು ಕಾಸಿಲ್ಲದವರು ಬೀದಿಯ ಕಡೆಗೆ ಮಾತ್ರ ಒಂದು ಇಟ್ಟಿಗೆ ಗೋಡೆ ಅಂಟಿಸಿ, ಹಿಂದೆ ಹಳೆಯ ಓಕ್ ಉಳಿಸಿಕೊಂಡರು. ಇಂದಿಗೂ ಅಲ್ಲಿನ ಹಳೆಯ ಪೇಟೆಗಳಲ್ಲಿ ಇಟ್ಟಿಗೆ ಮುಖದ ಅಂಗಡಿಯ ಹಿತ್ತಿಲಿಗೆ ಹೋದರೆ ಟ್ಯೂಡರ್ ಕಾಲ ಕಾಣುತ್ತದೆ. ಮೋರ್ಟನ್ನರ ಬಳಿ ಆ ಒಂದು ಗೋಡೆಗೂ ಕಾಸಿರಲಿಲ್ಲ. ಇನ್ನೂರು ವರ್ಷ ಈ ಮನೆಗೆ ಯಾರೂ ಉಪಕಾರ ಮಾಡಲಿಲ್ಲ. ಅದರಿಂದಲೇ ಬದುಕಿಕೊಂಡಿತು. ವಾಸದ ಕೋಣೆಯೊಂದರಲ್ಲಿ ನಡುವೆ ಯಾರೋ ಒಂದಷ್ಟು ಅಂತಸ್ತು ತೋರಿಸಲು ಗೋಡೆಗೆ ಹಲಗೆ ಹೊಡೆಸಿದ್ದರು. 1970ರ ದಶಕದ ದುರಸ್ತಿಯಲ್ಲಿ ಅವನ್ನು ಬಿಚ್ಚಿದಾಗ ಹಿಂದೆ ಬೈಬಲ್ ಕಾಲದ ಸುಸನ್ನಾಳ ಕಥೆಯ ಬಣ್ಣದ ಚಿತ್ರಗಳು ಮಲಗಿದ್ದವು. ಹಾಳು ಮಾಡಲು ಸಾಕಾಗುವಷ್ಟು ದುಡ್ಡು ಅಲ್ಲೂ ಸಿಕ್ಕಿರಲಿಲ್ಲ.

ಕೊನೆಗೆ 1892ರಲ್ಲಿ ಈ ಪಾಳು ಮನೆ ಎಲಿಜಬೆತ್ ಮೋರ್ಟನ್ ಎಂಬ ಸನ್ಯಾಸಿನಿಯ ಪಾಲಿಗೆ ಬಂತು. ಸನ್ಯಾಸಿನಿಗೆ ಸಿಗುವ ಪಿತ್ರಾರ್ಜಿತವೂ ಎಂಥದ್ದು ನೋಡಿ. ಆಕೆ ಕಲ್ಲಿದ್ದಲು ಹೊರಹಾಕಿಸಿ ಪ್ರಾರ್ಥನಾ ಮಂದಿರವನ್ನು ಸರಿಮಾಡಿಸಿದಳು. ಲಾಂಗ್ ಗ್ಯಾಲರಿಗೆ ಉಕ್ಕಿನ ಸರಳುಗಳನ್ನು ಹಾಕಿಸಿದ್ದೂ ಬಹುಶಃ ಆಕೆಯೇ. ಸರಳು ಕಂಡಾಗ ಭಾವಮೈದನ ಮುಖ ಅರಳಿತು. ಅಂತೂ ತನ್ನ ಜಾತಿಯವರೊಬ್ಬರು ಇಲ್ಲಿಗೆ ಬಂದು ಹೋಗಿದ್ದಾರೆ ಎಂಬ ಸಮಾಧಾನ. 1912ರಲ್ಲಿ ಆಕೆ ಮನೆಯನ್ನು ತನ್ನ ಬಂಧು, ಡರ್ಬಿಯ ಬಿಷಪ್ ಚಾರ್ಲ್ಸ್ ಅಬ್ರಹಾಂ ಅವರಿಗೆ, ಎಂದೂ ಮಾರಕೂಡದೆಂಬ ಷರತ್ತಿನೊಂದಿಗೆ ಬಿಟ್ಟುಹೋದಳು. ಬಿಷಪ್ಪರು ಆರು ಪೆನ್ಸ್ ಶುಲ್ಕವಿಟ್ಟು ಜನರಿಗೆ ಬಾಗಿಲು ತೆರೆದರು. ಶುಲ್ಕ ಎತ್ತಿ ಮನೆ ತೋರಿಸುತ್ತಿದ್ದವರು ಗೇಣಿದಾರ ಡೇಲ್ ಮನೆತನದವರು. 1938ರಲ್ಲಿ ಅದು ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟಿನ ಕೈಗೆ ಬಂತು. ಈ ಟ್ರಸ್ಟು ಹುಟ್ಟಿದ ಮರುವರ್ಷ, 1896ರಲ್ಲಿ, ತನ್ನ ಮೊಟ್ಟಮೊದಲ ಕಟ್ಟಡವಾಗಿ ಕೊಂಡದ್ದೂ ಇಂಥದೇ ಒಂದು ಓಕ್ ಚೌಕಟ್ಟಿನ ಮನೆ. ಸಸೆಕ್ಸ್ ಸೀಮೆಯ ಆಲ್‌ಫ್ರಿಸ್ಟನ್ನಿನಲ್ಲಿ ಪಾದ್ರಿಗಳಿದ್ದ ಮನೆ. ಬೆಲೆ 10 ಪೌಂಡ್.

ಯಾರೂ ಕೊಳ್ಳದಿದ್ದ ಈ ಮನೆಗಳ ಚಂದ ಆಮೇಲೆ ಎಲ್ಲರಿಗೂ ಬೇಕಾಯಿತು. ಎರಡು ಮಹಾಯುದ್ಧಗಳ ನಡುವೆ ಇಂಗ್ಲೆಂಡಿನ ಬಡಾವಣೆಗಳಲ್ಲಿ ಎದ್ದ ಲಕ್ಷಾಂತರ ಮನೆಗಳ ಮುಖಕ್ಕೆ ಕಪ್ಪು ಪಟ್ಟಿಗಳನ್ನು ಹೊಡೆದರು. ಒಳಗೆ ಇಟ್ಟಿಗೆ, ಹೊರಗೆ ಟ್ಯೂಡರ್. ನಮ್ಮ ಎಂಜಿನಿಯರ್ ಇರುವುದೂ ಅಂಥದರಲ್ಲೇ. ಕಳೆದ ಚಳಿಗಾಲದ ಗಾಳಿಗೆ ಅವನ ಮನೆಯ ಒಂದು ತೊಲೆ ಕಳಚಿ ಹೂವಿನ ಪಾತಿಯಲ್ಲಿ ಬಿತ್ತು. ಮನೆಗೆ ಗೊತ್ತೇ ಆಗಲಿಲ್ಲ. ಒಂದಿಂಚು ದಪ್ಪದ ಹಲಗೆ, ನಾಲ್ಕು ಮೊಳೆ. ಅವನು ಅದನ್ನು ತಿರುಗಿ ಹೊಡೆದು, ಮಟ್ಟಗೋಲು ಇಟ್ಟು ನೆಟ್ಟಗಿದೆಯೇ ಎಂದು ನೋಡಿದ. ಬೆಂಗಳೂರು ಅರಮನೆಯನ್ನೂ ಟ್ಯೂಡರ್ ಶೈಲಿ ಎನ್ನುತ್ತಾರೆ. ಅಲ್ಲಿರುವುದು ಕೋಟೆಯ ಹಲ್ಲುಗಳ ಕಲ್ಲಿನ ಟ್ಯೂಡರ್, ಓಕಿನದಲ್ಲ. ಅದಕ್ಕೆ ಮೋರ್ಟನ್ನರ ಮನೆ ದೂರದ ನೆಂಟ.

ಹಳೆಯ ಮರದ ಮನೆ ಕಂಡರೆ ಸಾಕು, ಅದರ ತೊಲೆಗಳು ಒಡೆದ ಹಡಗಿನವು ಎಂದು ಇಂಗ್ಲಿಷರು ಹೇಳುತ್ತಾರೆ. ಸಮುದ್ರ ಕಾಣದ ಹಳ್ಳಿಯಲ್ಲೂ ಹೇಳುತ್ತಾರೆ. ನಿಜವಾಗಿ ಬಹುಪಾಲು ತೊಲೆಗಳು ಹತ್ತಿರದ ಕಾಡಿನವು, ಅವುಗಳಲ್ಲಿ ಕಾಣುವ ಖಾಲಿ ಗುಳಿಗಳು ಹೆಚ್ಚಾಗಿ ಹಿಂದಿನ ಮನೆಯಿಂದ ಬಿಚ್ಚಿ ತಂದ ಮರದವು. ಹಡಗಿನ ಮರದಲ್ಲೇ ಕಟ್ಟಿದ ಟ್ಯೂಡರ್ ಕಟ್ಟಡ ನೋಡಬೇಕಾದರೆ ಲಂಡನ್ನಿನ ಲಿಬರ್ಟಿ ಬಟ್ಟೆ ಅಂಗಡಿಗೆ ಹೋಗಬೇಕು. 1924ರಲ್ಲಿ ಎದ್ದ ಅದಕ್ಕೆ ನೌಕಾಪಡೆಯ ಎರಡು ಹಳೆಯ ಹಡಗುಗಳನ್ನು ಒಡೆದು ಮರ ತಂದರು. ಒಂದರ ಹೆಸರು ಇಂಪ್ರೆಗ್ನಬಲ್, ಇನ್ನೊಂದರ ಹೆಸರು ಹಿಂದೂಸ್ತಾನ್. ಅಂದರೆ ಅಸಲಿ ಮನೆಗಳ ಬಗ್ಗೆ ಹೇಳುವ ಸುಳ್ಳು ನಕಲಿ ಮನೆಯಲ್ಲಿ ಸತ್ಯವಾಗಿದೆ.

ಈ ಮನೆಗಳಿಗೆ ಈಗಿನ ಶತ್ರು ಸಿಮೆಂಟು. ಸುಣ್ಣ ಮಣ್ಣಿನ ಗೋಡೆ ಒದ್ದೆಯಾಗುತ್ತದೆ, ಆರುತ್ತದೆ, ಮರ ಕದಲಿದರೆ ತಾನೂ ಕದಲುತ್ತದೆ. 20ನೇ ಶತಮಾನದವರು ಭದ್ರವಾಗಲಿ ಎಂದು ಅದನ್ನು ಕೆದಕಿ ಸಿಮೆಂಟ್ ಬಳಿದರು. ಸಿಮೆಂಟು ಬಿರುಕಿತು, ಬಿರುಕಿನಲ್ಲಿ ಹೋದ ನೀರು ಹೊರಬರಲಾಗದೆ ಓಕನ್ನು ಒಳಗಿನಿಂದ ಕೊಳೆಸಿತು. ನಾನೂರು ವರ್ಷ ಬಾಳಿದ ತೊಲೆ ನಲವತ್ತು ವರ್ಷದ ಆರೈಕೆಗೆ ಸೋತ ಉದಾಹರಣೆಗಳು ಅಲ್ಲಿ ಬೇಕಾದಷ್ಟಿವೆ. ಈಗ ಸಿಮೆಂಟ್ ಕಿತ್ತು ಮತ್ತೆ ಸುಣ್ಣ ಕಲಸುತ್ತಿದ್ದಾರೆ. ಅದರ ಕೆಲಸ ಬಲ್ಲವರು ಕಡಿಮೆ, ಕೂಲಿ ಹೆಚ್ಚು.

ಮ್ಯಾಂಚೆಸ್ಟರ್ ಕಡೆ ಮಗನನ್ನೋ ಮಗಳನ್ನೋ ನೋಡಲು ಹೋಗುವ ನಮ್ಮವರು ಬಹಳ ಮಂದಿ ಇದ್ದಾರೆ. ಲಂಡನ್ನಿನ ಗಡಿಯಾರ, ಅರಮನೆಯ ಕಾವಲುಗಾರರ ಟೋಪಿ ಇವೆಲ್ಲ ಹೇಗೂ ಆಗುತ್ತದೆ. ಒಂದು ದಿನ ಬಿಡುವು ಮಾಡಿಕೊಂಡು ಈ ಮನೆಗೂ ಹೋಗಿ. ಮೊದಲು ಕಂದಕದ ಸುತ್ತ ಒಂದು ಸುತ್ತು ಬಂದು ಹೊರಗಿನಿಂದ ನೋಡಿ, ಆಮೇಲೆ ಒಳಗೆ ಹೋಗಿ ಬಡಗಿಯ ಹೆಸರು ಹುಡುಕಿ. ಎತ್ತರದ ಹಿಮ್ಮಡಿಯ ಚಪ್ಪಲಿ ಬೇಡ. ಚಳಿಗಾಲದಲ್ಲಿ ಬಹುಪಾಲು ಮುಚ್ಚಿರುತ್ತದೆ, ಉಳಿದ ಕಾಲದಲ್ಲೂ ಎಲ್ಲ ದಿನ ತೆರೆದಿರುವುದಿಲ್ಲ. ಹೊರಡುವ ಮೊದಲು ನ್ಯಾಷನಲ್ ಟ್ರಸ್ಟಿನವರ ವೇಳಾಪಟ್ಟಿ ನೋಡಿಕೊಳ್ಳಿ.